ಮಾಬು ಚಾಚಾನ ಹಜಾಮತಿ

ಮದುವೆಯಲ್ಲಿ ಎಲ್ಲರೂ ವಧೂವರರನ್ನು ನೋಡುತ್ತಿದ್ದರೆ ಮಾಬು ಚಾಚಾ ಒಬ್ಬರೇ ಕಂಬದ ಮರೆಯಲ್ಲಿ ನಿಂತವರನ್ನು ನೋಡುತ್ತಿದ್ದರು. ಗಂಗಾವತಿಯಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡು ಊರೂರಿನ ಮದುವೆಗಳ ವಿಡಿಯೋ ಹಿಡಿಯುತ್ತಿದ್ದ ಮನುಷ್ಯ. ಹೆಗಲ ಮೇಲೆ ಕ್ಯಾಮೆರಾ, ಕೊರಳಲ್ಲಿ ಒದ್ದೆ ಟವೆಲ್, ಬಾಯಲ್ಲಿ ಒಂದೇ ಮಾತು: “ನಡುವ ಇದ್ದವ್ರನ್ನ ಎಲ್ಲಾರೂ ನೋಡ್ತಾರ. ಅಂಚಿನ್ಯಾಗ ಇದ್ದವ್ರು ನನ್ನ ಪಾಲಿನವ್ರು.”

ಕನಕಗಿರಿಯಲ್ಲಿ ನನ್ನ ಮದುವೆ ಆದಾಗ ಡಿವಿಡಿ ಇನ್ನೂ ಹೊಸದು. ಚಾಚಾ ಅಗಲ ಚಿತ್ರ ಹಿಡಿಯುವ ಕ್ಯಾಮೆರಾ ತಂದಿದ್ದರು. ಹಿಟ್ನಾಳದ ಹತ್ತಿರ ನಮ್ಮತ್ತೆಯ ಮನೆಯಲ್ಲಿದ್ದುದು ಹಳೆಯ ಡಬ್ಬಿ ಟಿವಿ. ಡಿವಿಡಿ ಹಾಕಿದರೆ ಚಿತ್ರದ ಮೇಲೊಂದು, ಕೆಳಗೊಂದು ಕಪ್ಪು ಪಟ್ಟಿ. ಓಣಿಯ ಹೆಣ್ಣುಮಕ್ಕಳೆಲ್ಲ ಕೂತಿದ್ದಾಗ ಅತ್ತೆ ಅಂದರು, “ಏನಬೇ ಇದು, ಮದಿವಿ ಅರ್ಧಾನ ತಗದಾರೇನು?” ಎಲ್ಲರೂ ನಕ್ಕರು. ಹೊಸ ಸೊಸೆ ನಾನು, ಮುಖ ಎಲ್ಲಿಡಲಿ? ಮರುವಾರವೇ ಡಿವಿಡಿ ಹಿಡಿದು ಗಂಗಾವತಿಗೆ ಹೋದೆ.

“ಟಿವಿ ತುಂಬಬೇಕ್ರಿ ಚಾಚಾ,” ಎಂದೆ.

“ಎರಡು ದಾರಿ ಅದಾವ, ಬೇಟಿ. ಹಿಂಡಿ ತುಂಬಿದ್ರ ನಿನ್ನ ಗಂಡ ಲಟ್ಟಣಿಗಿ ಆಗ್ತಾನ. ಇಲ್ಲಾಂದ್ರ ಎರಡೂ ಬಾಜೂ ಹಜಾಮತಿ ಮಾಡಬೇಕು.” ಚಿತ್ರದ ಅಂಚು ಕತ್ತರಿಸುವುದಕ್ಕೆ ಅವರು ಇಟ್ಟ ಹೆಸರು ಅದು.

ನಾನು ನಕ್ಕು, ಹಜಾಮತಿಯೇ ಇರಲಿ ಎಂದೆ. ಅವರು ನಗಲಿಲ್ಲ. ಪರದೆಯ ಎಡತುದಿಗೆ ಬೆರಳಿಟ್ಟರು. ಅಲ್ಲಿ ಅವ್ವ ನಿಂತಿದ್ದಳು. ಗಂಡ ಇಲ್ಲದವಳೆಂದು ತಾಳಿ ಕಟ್ಟುವಾಗ ಹಂದರದ ನಡುವೆ ಬರದೆ ದೂರದ ಕಂಬ ಹಿಡಿದು ನಿಂತವಳು.

“ನಿಮ್ಮವ್ವ ಹೋಗ್ತಾಳ ನೋಡು. ಇಡೀ ಮದಿವ್ಯಾಗ ಆಕಿ ಕ್ಯಾಮೆರಾಕ್ಕ ಸಿಕ್ಕಿದ್ದು ಇದೊಂದ ಕಡೆ.”

“ಹೋದ್ರ ಹೋಗ್ಲಿ ಬಿಡ್ರಿ. ಅವ್ವ ಊರಾಗ ಅದಾಳಲ್ಲ, ಬೇಕಾದಾಗ ಹೋಗಿ ನೋಡ್ತೀನಿ.”

ಹೀಗೆ ಅಂದ ಬಾಯಿ ಇದೇ. ಚಾಚಾ ಮತ್ತೆರಡು ಸಲ ಕೇಳಿ, ಕೊನೆಗೆ ಅಂಚು ಕತ್ತರಿಸಿ ಬೇರೆ ಡಿವಿಡಿ ಮಾಡಿ ಕೊಟ್ಟರು. ಮೊದಲಿನ ಡಿವಿಡಿಯನ್ನೂ ಕೈಗಿಟ್ಟು, “ಇದನ್ನ ಒಗೀಬ್ಯಾಡ. ಮುಂದ ಅಗಲ ಟಿವಿ ಬರ್ತಾವ,” ಎಂದರು.

ಬಿಸಾಡಲಿಲ್ಲ. ಆ ವರ್ಷ ಜೋಳ ಕಾಳು ಕಟ್ಟಿದಾಗ, ಹಕ್ಕಿ ಬೆದರಲಿ ಎಂದು ದಾರ ಪೋಣಿಸಿ ಹೊಲದ ಬೇವಿನ ಗಿಡಕ್ಕೆ ತೂಗುಹಾಕಿದೆ. ಎಲ್ಲರ ಹೊಲದಲ್ಲೂ ಕೆಟ್ಟ ಸಿಡಿಗಳು ಹೊಳೆಯುತ್ತಿದ್ದವು. ನಮ್ಮದೂ ಹೊಳೆಯಿತು.

ನಾಲ್ಕು ವರ್ಷಕ್ಕೆ ಅವ್ವ ಹೋದಳು. ಫೋಟೋ ತೆಗೆಸಿಕೊಂಡವಳಲ್ಲ. ರೇಷನ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಗೋಡೆಗೆ ಹಾಕಲು ಏನೂ ಇರಲಿಲ್ಲ. ಆಗ ಬೇವಿನ ಗಿಡ ನೆನಪಾಯಿತು. ಡಿವಿಡಿ ಇನ್ನೂ ತೂಗುತ್ತಿತ್ತು. ಬಿಸಿಲಿಗೆ ಹೊಳಪೆಲ್ಲ ಪುಡಿಯಾಗಿ ಉದುರಿತ್ತು. ಅದನ್ನೇ ಸೆರಗಿನಲ್ಲಿ ಸುತ್ತಿಕೊಂಡು ಚಾಚಾನ ಬಳಿ ಓಡಿದೆ. ಅವರಿಗಾಗಲೇ ಎರಡು ಮಾತಾಡಿದರೆ ಉಸಿರು ಹತ್ತುತ್ತಿತ್ತು.

ಬೆಳಕಿಗೆ ಹಿಡಿದು ನೋಡಿದರು. “ಇದರಾಗ ಏನೂ ಉಳದಿಲ್ಲ, ಬೇಟಿ. ನಿನ್ನ ಮದಿವಿ ಹಿಡದ ಕ್ಯಾಸೆಟ್ಟಿನ ಮ್ಯಾಲೂ ಬ್ಯಾರೆ ಮದಿವಿ ಹಿಡದೀನಿ.”

ಆಗಲೇ ಹೇಳಿದ್ದೆನಲ್ಲ ಎಂದು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ನಾನು ಅಳುತ್ತಾ ಕೂತೆ. ಡಿವಿಡಿಯನ್ನು ಪಕ್ಕಕ್ಕಿಟ್ಟು ಅವರೇ ಶುರುಮಾಡಿದರು.

“ನಾ ನೋಡೀನಲ್ಲ, ಹೇಳ್ತೀನಿ ಕೇಳು. ಎಲ್ಲಾರೂ ನಿಮ್ಮಿಬ್ಬರ ಮ್ಯಾಲ ಅಕ್ಕಿಕಾಳು ಒಗದ್ರು. ನಿಮ್ಮವ್ವ ಒಗೀಲಿಲ್ಲ. ಮುಟಗಿ ಬಿಗಿ ಹಿಡದು ನಿಂತಿದ್ಲು. ಆಮ್ಯಾಲ, ಯಾರೂ ನೋಡವಲ್ರು ಅಂತ, ಆ ಕಾಳು ಸೆರಗಿನ ತುದ್ಯಾಗ ಗಂಟು ಹಾಕ್ಕೊಂಡ್ಲು.”

ಮತ್ತೊಮ್ಮೆ ಹೇಳಿಸಿಕೊಂಡೆ. ಬಸ್ಸಿನಲ್ಲಿ ಕೂತಾಗ ಹೊಳೆಯಿತು: ಆಗ ಅವ್ವನ ಮುಖ ಹೇಗಿತ್ತು ಎಂದು ಕೇಳಲೇ ಇಲ್ಲ. ಮುಂದಿನ ಸಲ ಕೇಳಿದರಾಯಿತು ಎಂದುಕೊಂಡೆ. ಮುಂದಿನ ಸಲ ಹೋದಾಗ ಸ್ಟುಡಿಯೋ ಇದ್ದಲ್ಲಿ ಮೊಬೈಲ್ ಅಂಗಡಿ ಇತ್ತು. ಚಾಚಾ ರಂಜಾನಿಗೆ ಮೊದಲೇ ತೀರಿಕೊಂಡಿದ್ದರು.

ಈಗ ಮನೆಯಲ್ಲಿ ಅಗಲ ಟಿವಿ ಇದೆ. ಹಜಾಮತಿಯಾದ ಡಿವಿಡಿ ಹಾಕಿದರೆ ಕಪ್ಪು ಪಟ್ಟಿ ಬರುವುದು ಎಡಕ್ಕೆ, ಬಲಕ್ಕೆ. ಎಡದ ಕಪ್ಪಿಗೆ ಅಂಟಿಕೊಂಡಂತೆ ಮುಚ್ಚಿದ ನಾಲ್ಕು ಬೆರಳು ಕಾಣುತ್ತವೆ. ಯಾರ ಕೈ ಎಂದು ಮಗಳು ಕೇಳಿದರೆ, ನಮ್ಮವ್ವಂದು ಎನ್ನುತ್ತೇನೆ. ಒಳಗೆ ಅಕ್ಕಿಕಾಳು ಇವೆ ಎಂದೂ ಹೇಳುತ್ತೇನೆ. ಅವ್ವ ಆಗ ಅಳುತ್ತಿದ್ದಳೋ, ನಗುತ್ತಿದ್ದಳೋ? ಅದನ್ನು ಗಮನವಿಟ್ಟು ನೋಡಿದ್ದವರು ಮಾಬು ಚಾಚಾ ಒಬ್ಬರೇ.