ಎಳನೀರು ತಡೆಯುವ ನರ್ಸ್

ರೋಗಿಯ ತೋಳಿನ ಮೇಲೆ ಅಂಗೈ ಇಟ್ಟು ಯಮುನಾ ಸುಮ್ಮನೆ ನಿಂತರು. ಚರ್ಮದ ಕೆಳಗೆ ರಕ್ತ ಜುಮ್ಮೆಂದು ಹರಿಯುವುದು ಕೈಗೆ ತಿಳಿಯಬೇಕು. ತಿಳಿದ ಮೇಲೆಯೇ ಸೂಜಿ. ಮಲಗಿದ್ದ ಹುಚ್ಚರಂಗಯ್ಯನವರಿಗೆ ತಡೆಯಲಾಗಲಿಲ್ಲ.

“ಏನವ್ವಾ, ಅಟ್ಟದ ಕಾಯಿ ಅಲ್ಲಾಡ್ಸಿ ನೋಡ್ದಂಗೆ ನೋಡ್ತೀಯ. ಕೊಬ್ಬರಿ ಆಗೈತಾ?”

“ಇನ್ನೂ ಹಸಿ ಐತೆ ಮಾವ, ಮಾರ್ಕೆಟ್ಟಿಗೆ ಕಳ್ಸಕ್ಕಾಗಲ್ಲ. ಎಳನೀರು ಕುಡುದ್ರಾ?”

“ಇಲ್ಲ ಕಣವ್ವ.”

“ನನ್ ಮುಖ ನೋಡಿ ಹೇಳಿ.”

“ಇಲ್ಲ ಅಂದ್ನಲ್ಲ! ಬಾಗ್ಲಲ್ಲಿ ಕುಂತಿರೋ ನಿಮ್ಮತ್ತೆ ಬುಟ್ರೆ ತಾನೆ?”

ತಿಪಟೂರಿನ ಈ ಡಯಾಲಿಸಿಸ್ ಘಟಕದಲ್ಲಿ ತೂಕ, ಬಿಪಿಯ ಜೊತೆಗೆ ಎಲ್ಲರಿಗೂ ಕೇಳುವ ಪ್ರಶ್ನೆ ಇದು. ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋಗುವ ರೂಢಿ ಈ ಸೀಮೆಯಲ್ಲಿಲ್ಲ. ತೋಟವಿದ್ದವರು ಎಳನೀರು ಇಳಿಸಿಕೊಂಡೇ ಬರುತ್ತಾರೆ. ಆದರೆ ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೋತವರಲ್ಲಿ ಅದು ಹೊರಹೋಗದೆ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನು ಕೆಡಿಸುತ್ತದೆ.

ಯಮುನಾ ಹಂದನಕೆರೆ ಕಡೆಯ ಹಟ್ಟಿಯವರು. ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಪಿಯುಸಿ ಮುಗಿಸಿ, ತುಮಕೂರಿನಲ್ಲಿ ಮೂರು ವರ್ಷದ ಜಿಎನ್‌ಎಂ ನರ್ಸಿಂಗ್ ಓದಿದರು. ಮದುವೆಯಾದದ್ದು ಪಕ್ಕದ ಹಟ್ಟಿಗೆ. ಅಲ್ಲಿನವರ ಪ್ರಕಾರ ನರ್ಸ್ ಎಂದರೆ ಇಂಜೆಕ್ಷನ್ ಕೊಡುವವಳು, ಅದರಲ್ಲಿ ಬಗೆಗಳಿಲ್ಲ. ಘಟಕದ ಇನ್ನೊಬ್ಬ ನರ್ಸ್ ನಾಹಿದಾ ನಾಲ್ಕು ವರ್ಷದ ಬಿಎಸ್ಸಿ ಮಾಡಿದವರು. ಮಕ್ಕಳ ಆರೈಕೆಯಲ್ಲಿ ಎಂಎಸ್ಸಿ ಮಾಡಿ ನವಜಾತ ಶಿಶುಗಳ ಐಸಿಯುಗೆ ಹೋಗಬೇಕೆಂಬುದು ಅವರ ಲೆಕ್ಕಾಚಾರ. “ಹಸುಗೂಸು ಎದುರು ಮಾತಾಡಲ್ಲ, ಬೀಡಿ ಕೇಳಲ್ಲ” ಎನ್ನುತ್ತಾರೆ.

ಜಿಎನ್‌ಎಂ ಮಾಡಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದಿ ಮುಂದೆ ಎಂಎಸ್ಸಿಗೆ ಹೋಗಬಹುದು. ಇಲ್ಲವೇ ಒಂದು ವರ್ಷದ ಡಿಪ್ಲೊಮಾ ಮಾಡಿ ಒಂದೇ ವಿಭಾಗದಲ್ಲಿ ಪಳಗಬಹುದು: ತುರ್ತು ಚಿಕಿತ್ಸೆ, ಕ್ಯಾನ್ಸರ್, ಆಪರೇಷನ್ ಥಿಯೇಟರ್, ಮೂತ್ರಪಿಂಡ. ಯಮುನಾ ಈ ಕೊನೆಯದಕ್ಕೆ ಅರ್ಜಿ ಹಾಕಿದರು. ವೈದ್ಯರು ಒಪ್ಪಿದ ರೋಗಿಗಳು ಹೊಟ್ಟೆಗೆ ಅಳವಡಿಸಿದ ಕೊಳವೆಯ ಮೂಲಕ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳಬಹುದು. ಅದನ್ನು ಮನೆಮಂದಿಗೆ ಕಲಿಸಲು ನುರಿತ ನರ್ಸ್ ಬೇಕು. ಆ ನರ್ಸ್ ತಾನಾಗಬೇಕು ಎಂಬುದು ಅವರ ಆಸೆ.

ಮೈಸೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಗಂಡ ಚಿತ್ತೇಶ್ ಒಪ್ಪಿದರು. ಆದರೆ ಒಂದನೇ ತರಗತಿಯ ಮಗಳನ್ನು ವರ್ಷವಿಡೀ ನೋಡಿಕೊಳ್ಳಬೇಕಾದವರು ಅತ್ತೆ ಜುಂಜಮ್ಮ. ಅವರು ಒಪ್ಪದಿದ್ದರೆ ಸೀಟು ಬಿಡಬೇಕು.

ಜುಂಜಮ್ಮನಿಗೆ ಆಗಲೇ ಸಿಟ್ಟಿತ್ತು. ಹುಚ್ಚರಂಗಯ್ಯ ಅವರ ಸ್ವಂತ ಅಣ್ಣ. ಅಣ್ಣನಿಗೆಂದು ತಂದ ಎಳನೀರನ್ನು ಸೊಸೆ ಘಟಕದ ಬಾಗಿಲಲ್ಲೇ ತಡೆದಿದ್ದಳು, ಅದೂ ನಾಲ್ಕು ಜನರ ಮುಂದೆ.

“ಎಳನೀರು ಬ್ಯಾಡ ಅನ್ನಕ್ಕೆ ಒಂದು ವರ್ಷ ಓದ್ಬೇಕೇನೇ?” ಎಂದು ಕೇಳಿದರು. ಒಪ್ಪಿಗೆ ಕೊಡಲಿಲ್ಲ.

ಕಳೆದ ತಿಂಗಳು ಒಂದು ಮಂಗಳವಾರ ಹುಚ್ಚರಂಗಯ್ಯ ಬಸ್ಸಿಳಿದಾಗ ಕಾಲು ನಿಲ್ಲಲಿಲ್ಲ. ಜುಂಜಮ್ಮ ಆಟೋದಲ್ಲಿ ಕರೆತಂದರು. ಯಮುನಾ ನಾಡಿ ಹಿಡಿದರು. ಬಡಿತ ತೀರಾ ನಿಧಾನವಾಗಿತ್ತು.

“ಎಳನೀರು ಕುಡುದ್ರಾ ಮಾವ?”

“ಇಲ್ಲ.”

ಯಮುನಾ ಅತ್ತೆಯತ್ತ ನೋಡಿದರು. ಜುಂಜಮ್ಮ ಗೋಡೆ ನೋಡಿದರು.

ಯಮುನಾ ಕೂಡಲೇ ವೈದ್ಯರನ್ನು ಕರೆದು ಇಸಿಜಿ ತೆಗೆದರು. ಪೊಟ್ಯಾಸಿಯಂ ಏರಿದೆ ಎಂಬ ಅನುಮಾನ ನಿಜವಾಗಿತ್ತು. ವೈದ್ಯರು ಇಂಜೆಕ್ಷನ್ ಕೊಟ್ಟರು, ಸರದಿ ಬಿಟ್ಟು ಮೊದಲು ಅವರನ್ನೇ ಮೆಷಿನ್ನಿಗೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಹುಚ್ಚರಂಗಯ್ಯ ಇಡ್ಲಿ ತಣ್ಣಗಿದೆ ಎಂದು ಜಗಳ ತೆಗೆದರು.

ಹೊರಗಿನ ಬೆಂಚಿನಲ್ಲಿ ಜುಂಜಮ್ಮ ಸೆರಗು ಹಿಂಡುತ್ತಿದ್ದರು. “ನಾನೇ ಕಣೇ ಕೊಯ್ಸಿದ್ದು. ಕೆಂದೆಳನೀರು. ಅಣ್ಣ ಸೊರಗವ್ನೆ ಅಂತ ಎರಡು ಕುಡುಸ್ದೆ.”

“ಗೊತ್ತು ಬುಡಿ ಅತ್ತೆ.”

“ನೋಡ್ದೇಟ್ಗೆ ನಿಂಗೆಂಗೆ ಗೊತ್ತಾಯ್ತು?”

“ಕಾಲು ಸೋತಿತ್ತು, ನಾಡಿ ಕುಂಟ್ತಿತ್ತು. ಮ್ಯಾಲೆ, ನಮ್ಮೂರೋರು ಬರಿಗೈಲಿ ಬರಲ್ಲ ಅಂತ ನಂಗೆ ಗೊತ್ತಲ್ಲ.”

ಜುಂಜಮ್ಮನಿಗೆ ನಗು ಬಂತು, ತಡೆದುಕೊಂಡರು. “ಮೈಸೂರಲ್ಲಿ ಇದ್ನೇ ಹೇಳ್ಕೊಡೋದಾ?”

“ಇದು ಇಲ್ಲೇ ಕಲ್ತಿದ್ದು. ಅಲ್ಲಿ ಇನ್ನೂ ಐತೆ. ಡಾಕ್ಟ್ರು ಸರಿ ಅಂದ್ರೆ ಮಾವ ಮನೇಲೇ ಮಾಡ್ಕಬೋದು. ಅದ್ನ ಹೇಳ್ಕೊಡೋದು ನಾನು ಕಲೀಬೇಕು.”

“ಬಸ್ಸು ಹತ್ದೇನಾ?”

“ಬಸ್ಸು ಹತ್ದೆ.”

ಜುಂಜಮ್ಮ ಹಿಂಡಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. “ಮಗೀನ ನಾನು ನೋಡ್ಕತೀನಿ. ಹೋಗು. ತಲೆ ಬಾಚೋದು ಮಾತ್ರ ಅವ್ರಪ್ಪಂಗೆ ಕಲ್ಸು, ನನ್ ಕೈಲಾಗಲ್ಲ, ಕಿರುಚ್ತಾಳೆ.”

ಆವತ್ತಿನಿಂದ ಅಣ್ಣ ಒಳಗೆ ಮಲಗಿರುವಷ್ಟು ಹೊತ್ತೂ ಜುಂಜಮ್ಮ ಬಾಗಿಲ ಬಳಿಯ ಬೆಂಚು ಬಿಡುವುದಿಲ್ಲ. ಚೀಲ ಹಿಡಿದು ಬಂದವರನ್ನು ನಿಲ್ಲಿಸುತ್ತಾರೆ. “ನೋಡಕ್ ಬಂದ್ರೋ, ಸಾಯ್ಸಕ್ ಬಂದ್ರೋ? ಇಲ್ಲಿಡ್ರಿ.” ಹಾಗೆ ಇಟ್ಟ ಎಳನೀರನ್ನು, ಹೊರಗೆ ಕಾದು ಕುಳಿತ ಗಟ್ಟಿಮುಟ್ಟು ನೆಂಟರು ಕುಡಿಯುತ್ತಾರೆ. ಮೊನ್ನೆ ನಾಹಿದಾ ನಗುತ್ತಾ ಒಳಗೆ ಬಂದರು: “ನಿಮ್ಮತ್ತೆ ಡಾಕ್ಟ್ರನ್ನೂ ತಡೆದ್ರು ಕಣೇ, ಬ್ಯಾಗ್ ದಪ್ಪ ಇತ್ತಂತೆ.”

ಇವತ್ತು ರಕ್ತದ ಹರಿವು ಕೈಗೆ ತಿಳಿದ ಮೇಲೆ ಹುಚ್ಚರಂಗಯ್ಯನವರ ತೋಳಿಗೆ ಯಮುನಾ ಸೂಜಿ ಹಾಕಿ, ಮೆಷಿನ್ ಚಾಲೂ ಮಾಡಿ, ಮುಂದಿನ ಹಾಸಿಗೆಗೆ ನಡೆದರು. ಬರುವ ಸೋಮವಾರ ಅವರು ಅರಸೀಕೆರೆ ಮೇಲೆ ಮೈಸೂರಿಗೆ ರೈಲು ಹತ್ತುತ್ತಾರೆ. ಮಂಗಳವಾರದಿಂದ ಮಾವನ ತೋಳಿಗೆ ಸೂಜಿ ಹಾಕುವವರು ನಾಹಿದಾ.