ರದ್ದಾದ ಮೂರನೇ ಪಾಳಿ

"ಮೂರನೇ ಪಾಳಿಗೆ ಒಬ್ಬರೂ ಬಂದಿಲ್ರಿ ಸರ್. ಹನ್ನೆರಡೂ ಕುರ್ಚಿ ಖಾಲಿ ಅದಾವ," ಎಂದು ಡಯಾಲಿಸಿಸ್ ಕೇಂದ್ರದ ನರ್ಸು ಫಿರದೋಸ ಸೋಮವಾರ ಮಧ್ಯಾಹ್ನ ಫೋನ್ ಮಾಡಿದಾಗ, ರಾಜರತ್ನನಿಗೆ ಆ ಮಾತು ಮೊದಲು ತಲೆಗೇ ಹೋಗಲಿಲ್ಲ. "ನಿಮ್ಮ ಸಾಫ್ಟ್‌ವೇರಿನಿಂದ ಎಲ್ಲಾರ ಮೊಬೈಲಿಗೂ ಪಾಳಿ ರದ್ದು ಅಂತ ಮೆಸೇಜ್ ಹೋಗೇತಿ. ಶುಕ್ರವಾರ ರಕ್ತ ಶುದ್ಧ ಮಾಡಿಸ್ಕೊಂಡ ಮಂದಿರೀ. ಮೂರು ದಿನದ ನೀರು ಮೈಯಾಗ ಇಟ್ಕೊಂಡು ಮನ್ಯಾಗ ಕುಂತಾರ!"

ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಡುವುದೂ ಮರೆತುಹೋಯಿತು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಇಂಥ ಫೋನು ಬಂದಿರಲಿಲ್ಲ.

ರಾಜರತ್ನ ತಾರಿಹಾಳದ ಕಾರ್ಖಾನೆಯೊಂದರಲ್ಲಿ ವಿದ್ಯುತ್ ಪ್ಯಾನೆಲ್ ನೋಡಿಕೊಳ್ಳುತ್ತ, ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತವನು. ಮೂವತ್ತೈದರ ವಯಸ್ಸಿಗೆ ಗೋಕುಲ ರಸ್ತೆಯ ಈ ಸಣ್ಣ ಕಂಪನಿ ಸೇರಿದ. ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಪಾಳಿ ಹಚ್ಚುವ ಸಾಫ್ಟ್‌ವೇರ್ ಅಲ್ಲಿ ತಯಾರಾಗುತ್ತಿತ್ತು. ಮುಂದಿನ ಕೋಣೆಯಲ್ಲಿ ಅದನ್ನು ಬರೆಯುವವರು, ಹಿಂದಿನ ಕೋಣೆಯಲ್ಲಿ ಅದನ್ನು ಸರ್ವರಿನಲ್ಲಿ ನಡೆಸುವ ರಾಜರತ್ನ. ಅವರು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಕೆಟ್ಟರೆ ಬೈಸಿಕೊಳ್ಳುವುದು ಇವನ ಪಾಲಿಗೆ. ಹಾಗಾಗಿ ಆ ಮಂದಿಯನ್ನು ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ತಾನಿಲ್ಲದಿದ್ದರೆ ಕಂಪನಿ ಒಂದು ದಿನವೂ ನಡೆಯದು ಎಂಬ ಹೆಮ್ಮೆಯೂ ಇತ್ತು. ಇರಲಿ, ಹೆಮ್ಮೆ ಯಾರಿಗಿಲ್ಲ!

ಯುಗಾದಿಯ ಹೊತ್ತಿಗೆ ಮಾಲೀಕ ವಿಜಯೀಂದ್ರ ನಡುವಿನ ಗೋಡೆಯನ್ನೇ ಒಡೆಸಿದರು. ಇನ್ನು ಮುಂದೆ ಡೆವ್‌ಆಪ್ಸ್ ಎಂದರು. ಬರೆಯುವವರೂ ನಡೆಸುವವರೂ ಒಂದೇ ಮೇಜಿಗೆ ಕೂರಬೇಕು, ಬದಲಾವಣೆ ಸಣ್ಣ ಸಣ್ಣದಾಗಿ ಆಗಬೇಕು, ಪರೀಕ್ಷೆಯನ್ನು ಯಂತ್ರವೇ ಮಾಡಬೇಕು, ಒಂದು ಗುಂಡಿ ಒತ್ತಿದರೆ ಹೊಸದು ಚಾಲೂ ಆಗಬೇಕು, ಕೆಟ್ಟರೆ ಇನ್ನೊಂದು ಗುಂಡಿಗೆ ಹಳೆಯದು ಮರಳಬೇಕು. ರಾಜರತ್ನನ ಪಕ್ಕಕ್ಕೆ ಗರಗದ ವಾಣಿಶ್ರೀ ಬಂದು ಕೂತಳು. ಇಪ್ಪತ್ತಾರರ ಹುಡುಗಿ, ಕೆಲಸದಲ್ಲಿ ಚುರುಕು. ಗೋಡೆ ಹೋದರೇನು, ಈ ಮಹಾರಾಯ ಬಾಯಿ ತೆರೆಯಬೇಕಲ್ಲ? ಮೊಣಕೈ ತಾಗುವಷ್ಟು ಹತ್ತಿರ ಕೂತವಳಿಗೆ ಏನು ಹೇಳುವುದಿದ್ದರೂ ಮೊಬೈಲಿನಲ್ಲಿ ಬರೆದು ಕಳಿಸುತ್ತಿದ್ದ. ಅವಳೂ ಹಾಗೆಯೇ ಉತ್ತರಿಸುತ್ತಿದ್ದಳು. ಮುನಿಸಿಕೊಂಡ ಬೀಗರ ಹಾಗೆ ಇಬ್ಬರೂ ಮೂರು ತಿಂಗಳು ಕಳೆದರು.

ಈಗ ಅವನು ಮೊದಲ ಸಲ ಅವಳತ್ತ ತಿರುಗಿ ಕೂಗಿದ. "ಶನಿವಾರದ ಬದಲಾವಣಿ ಚಾಲೂ ಮಾಡಿದ್ರೇನು? ಬ್ಯಾಡ ಅಂತ ಹೇಳಿದ್ನಲ್ಲ!"

ವಾಣಿಶ್ರೀ ತಟ್ಟನೆ ತಿರುಗಿದಳು. "ನೀವಽ ಬಿಡ್ರಿ ಅಂದೀರಲ್ರಿ ಸರ್!" ಎಂದು ಮೊಬೈಲನ್ನು ಮುಂದೆ ಹಿಡಿದಳು.

ಅವಳು ಬರೆದಿದ್ದಳು: "ಪಾಳಿ ಬದಲಾವಣಿ ತಯಾರ್ ಐತ್ರಿ ಸರ್. ಪರೀಕ್ಷಾ ಪಾಸಾಗೇತಿ. ಏನ್ ಮಾಡೂಣ್ರಿ?" ಅದರ ಕೆಳಗೆ ಅವನ ಉತ್ತರ: "ಇವತ್ತ ಶನಿವಾರ. ಬಿಡ್ರಿ."

ರಾಜರತ್ನ ಅದನ್ನು ಮೂರು ಸಲ ಓದಿದ. ಶನಿವಾರ ಅರ್ಧ ದಿನ, ಈಗ್ಯಾಕೆ, ಇರಲಿ ಬಿಡ್ರಿ ಎಂಬುದು ಅವನ ಮನಸ್ಸಿನಲ್ಲಿದ್ದದ್ದು. ಆದರೆ ಹೊಸದನ್ನು ಚಾಲೂ ಮಾಡುವುದಕ್ಕೆ ಆ ಮೇಜಿನ ಹುಡುಗರೆಲ್ಲ 'ಬಿಡೋದು' ಎನ್ನುತ್ತಿದ್ದರು, ನಿಲ್ದಾಣದಿಂದ ಬಸ್ಸು ಬಿಟ್ಟ ಹಾಗೆ. ಅವನು ಮನೆಗೆ ಹೋದ ಮೇಲೆ ಅವಳು ಬಿಟ್ಟಿದ್ದಳು. ಬಾಯಿಂದ ಅಂದಿದ್ದರೆ, ಅಂದ ಧಾಟಿಯಿಂದಲೇ ಅರ್ಥ ತಿಳಿಯುತ್ತಿತ್ತು.

ಜಗಳಕ್ಕೆ ಹೊತ್ತಿರಲಿಲ್ಲ. ವಾಣಿಶ್ರೀ ಎರಡು ನಿಮಿಷದಲ್ಲಿ ಹಳೆಯದನ್ನು ಮರಳಿಸಿದಳು. ಇಬ್ಬರೂ ಆರಾರು ಹೆಸರು ಹಂಚಿಕೊಂಡು ರೋಗಿಗಳಿಗೆ ಫೋನ್ ಮಾಡತೊಡಗಿದರು. ಹನ್ನೊಂದು ಮಂದಿ ಹೊರಟೆವು ಎಂದರು. ಮುತ್ತವ್ವ ಎಂಬಾಕೆ ಮಾತ್ರ ಎತ್ತಲಿಲ್ಲ. ಎಂಟು ಸಲ ಮಾಡಿದರೂ ಎತ್ತಲಿಲ್ಲ. ರಾಜರತ್ನ ಎದ್ದುಬಿಟ್ಟ. ಬೈಕ್ ಹತ್ತಿ ನೇರ ಕೇಂದ್ರಕ್ಕೆ ಹೋದ.

ಫಿರದೋಸ ಹೇಗೋ ನೆರೆಮನೆಯವರ ನಂಬರು ಹುಡುಕಿದ್ದಳು. ಐದರ ಸುಮಾರಿಗೆ ಅವರು ಮುತ್ತವ್ವನನ್ನು ಆಟೋದಲ್ಲಿ ಕರೆತಂದರು. ಮುಖ ಊದಿತ್ತು, ಕಾಲು ಊದಿತ್ತು, ಹಿಂದಕ್ಕೆ ಒರಗಿದರೆ ಉಸಿರು ಕಟ್ಟುತ್ತಿತ್ತು. ಗಾಲಿಕುರ್ಚಿ ತಳ್ಳುತ್ತಿದ್ದ ರಾಜರತ್ನ ಯಾರೆಂದು ಆಕೆಗೆ ಗೊತ್ತಿರಲಿಲ್ಲ.

"ರದ್ದಾಗೇತಿ ಅಂತ ಬಾಜೂದವರು ಓದಿ ಹೇಳಿದ್ರಪಾ," ಎಂದಳು, ತಡೆತಡೆದು. "ನಂದು ಪಾಳಿ ಮುಗೀತು ಅಂತ ತಿಳಕೊಂಡೆ. ಸುಮ್ಮನ ಕುಂತೆ. ಯಾರನ್ನ ಕೇಳ್ಲಿ?"

ರಾಜರತ್ನ ಗಾಲಿಕುರ್ಚಿಯನ್ನು ಇನ್ನಷ್ಟು ಬೇಗ ತಳ್ಳಿದ. ಒಬ್ಬರು ತಮ್ಮ ಸಾವನ್ನು ಇಷ್ಟು ಸುಮ್ಮನೆ ಒಪ್ಪಿಕೊಂಡು ಕೂರಬಹುದು ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ, ಅದೂ ತನ್ನ ಆಫೀಸಿನಿಂದ ಹೋದ ಒಂದು ಸಾಲಿನ ಮೆಸೇಜಿಗೆ. ಆಕೆಯ ಉಸಿರು ತಹಬಂದಿಗೆ ಬಂತು, ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ಅವನು ಅಲ್ಲಿಂದ ಕದಲಿದ್ದು.

ಮರುದಿನ ವಿಜಯೀಂದ್ರ ಇಬ್ಬರನ್ನೂ ಕರೆಸಿದರು. "ಆಕಿ ಬಿಟ್ಟದ್ದು ಇರ್ಲಿ. ಮೂರನೇ ಪಾಳಿ ಹೆಂಗ ಅಳಿಸಿಹೋತು? ಬರದಾಕಿ ನೀನಽ ಅಲ್ಲೇನು ವಾಣಿಶ್ರೀ? ನಾಳಿಂದ ಬರೋದು ಬ್ಯಾಡ," ಎಂದರು. ಅವಳ ಕಣ್ಣು ತುಂಬಿತು. ಅದು ಹೇಗೆ ಅಳಿಸಿಹೋಯಿತೆಂದು ಅವಳಿಗೂ ತಿಳಿದಿರಲಿಲ್ಲ.

ತಿಳಿದಿದ್ದವನು ರಾಜರತ್ನ ಒಬ್ಬನೇ. ಮೂರು ವರ್ಷದ ಕೆಳಗೆ ಕೇಂದ್ರದವರು ಫೋನಿನಲ್ಲಿ ಕೇಳಿದರೆಂದು ಮೂರನೇ ಪಾಳಿಯನ್ನು ಅವನೇ ಸರ್ವರಿನ ಒಂದು ಫೈಲಿನಲ್ಲಿ ಕೈಯಾರೆ ಸೇರಿಸಿದ್ದ. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಮುಂದಿನ ಕೋಣೆಯವರಿಗೆ ಹೇಳಿರಲಿಲ್ಲ. ಹೇಳುವುದೇನು ಅವರಿಗೆ ಎಂಬ ಸೊಕ್ಕು. ವಾಣಿಶ್ರೀಯ ಬರಹಕ್ಕೂ ಪರೀಕ್ಷೆಯ ಯಂತ್ರಕ್ಕೂ ಗೊತ್ತಿದ್ದದ್ದು ಎರಡೇ ಪಾಳಿ. ಗೊತ್ತಿಲ್ಲದ್ದನ್ನು ಅದು ರದ್ದು ಮಾಡಿತ್ತು. ಈಗ ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹುಡುಗಿಯ ನೌಕರಿ ಹೋಗುತ್ತಿತ್ತು, ಅಷ್ಟೆ.

"ಆಕೀದು ತಪ್ಪಿಲ್ರಿ ಸರ್," ಎಂದ. "ತಪ್ಪು ನಂದು. ಬರ್ರಿ, ತೋರಸ್ತೇನಿ."

ಮೂವರೂ ಮೇಜಿಗೆ ಬಂದರು. ಅವನು ಫೈಲು ತೆರೆದ. ಅವನು ಹೀಗೆಯೇ ಕೈಯಾರೆ ಸೇರಿಸಿದ್ದ ಸಾಲುಗಳು ಪುಟದಿಂದ ಪುಟಕ್ಕೆ ಇಳಿಯುತ್ತಲೇ ಹೋದವು. ವಿಜಯೀಂದ್ರ ಬಗ್ಗಿ ಒಂದೊಂದೇ ಸಾಲು ನೋಡುತ್ತ ಹೋದರು. ಕೊನೆಗೆ, "ನೀ ಎಲ್ಲೂ ಹೋಗಬ್ಯಾಡ, ಕೂಡವ್ವಾ," ಎಂದು ವಾಣಿಶ್ರೀಗೆ ಕುರ್ಚಿ ಎಳೆದುಕೊಟ್ಟರು.

ಅವಳು ಕಣ್ಣೊರೆಸಿಕೊಂಡು, ನಡುವಿನ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಬೇರೆ ಯಾವುದೋ ಆಸ್ಪತ್ರೆಯ ಸಂಖ್ಯೆ, ಅದರ ಮುಂದೆ ಒಂದು ಪಾಳಿಯ ಹೊತ್ತು. "ಇದನ್ನ ತಗದ್ರ ಯಾರ ಪಾಳಿ ಹೋಗ್ತೈತ್ರಿ ಸರ್?"

ರಾಜರತ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದ. ತಾನೇ ಬರೆದ ಸಾಲು, ಹೌದು. ಎಂದು ಬರೆದದ್ದು, ಯಾರಿಗಾಗಿ ಬರೆದದ್ದು, ಏನೂ ಹೊಳೆಯಲಿಲ್ಲ. ಅದರ ಕೆಳಗಿನದೂ ಹೊಳೆಯಲಿಲ್ಲ.

"ಗೊತ್ತಿಲ್ಲವ್ವಾ," ಎಂದ, ಅವಳ ಮುಖ ನೋಡಿ. "ಖರೇನಽ ನನಗ ಗೊತ್ತಿಲ್ಲ."