ಗೆಲುವಿನ ಉಪವಾಸ

ಹೋದ ತಿಂಗಳು ಸ್ಟ್ರಾಟ್‌ಫರ್ಡಿನಲ್ಲಿ ಒಂದು ಫ್ಲಾಟ್ ಖಾಲಿ ಮಾಡಿಸಲು ಹೋಗಿದ್ದೆ. ನನ್ನ ಕಸುಬೇ ಅದು. ಸತ್ತವರ, ಊರು ಬಿಟ್ಟವರ ಮನೆಯ ಸಾಮಾನು ಒಟ್ಟಿಗೆ ಕೊಂಡು, ತೊಳೆದು ಒರೆಸಿ, ವೆಂಬ್ಲಿಯ ನನ್ನ ಅಂಗಡಿಯಲ್ಲಿ ಮಾರುತ್ತೇನೆ. ಯಾರೂ ಕಲಿಸಿದ್ದಲ್ಲ, ಕಾರಿನ ಡಿಕ್ಕಿಯಲ್ಲಿ ಹಳೇ ಪಾತ್ರೆ ಇಟ್ಟುಕೊಂಡು ಮೈದಾನದ ಸಂತೆಯಲ್ಲಿ ನಿಂತು ಕಲಿತದ್ದು. ಈ ಕೆಲಸದಲ್ಲಿ ಮೊದಲ ಪಾಠ, ನಿಮಗೂ ಇರಲಿ ಅಂತ ಹೇಳುತ್ತೇನೆ: ಬೇಕಾದ ವಸ್ತುವನ್ನು ಕಣ್ಣು ನೆಟ್ಟು ನೋಡಬಾರದು, ಬೇಡದ್ದನ್ನು ಎತ್ತಿ ಎತ್ತಿ ನೋಡಬೇಕು. ಆವತ್ತು ನಾನೇ ಆ ಪಾಠ ಮರೆತೆ. ಕಪಾಟಿನ ತಳದ ರಟ್ಟಿನ ಪೆಟ್ಟಿಗೆ ತೆರೆದೆನೋ ಇಲ್ಲವೋ, ಹಳೇ ಚರ್ಮದ ವಾಸನೆ, ಅದರ ಮೇಲೆ ಕಮಟು ಹಿಡಿದ ಎಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಒಳಗಿದ್ದದ್ದು ಬೇಸ್‌ಬಾಲ್ ಆಡುವವರ ಅಗಲ ಕೈಗವಸು. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ, ಮಾಲೀಕನಿಗೆ ನನ್ನ ಮುಖ ನೋಡಿಯೇ ಬೆಲೆ ಏರಿಸುವ ಮನಸ್ಸಾಯಿತು. ಏರಿಸಿದ. ನಾನು ಕೊಂಡೆ.

ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ಶನಿವಾರದ ಸಂಜೆಗೆ ಇದೇ ವಾಸನೆ ಇರುತ್ತಿತ್ತು. ಅಪ್ಪ ನಡುಮನೆಯ ಕಾರ್ಪೆಟ್ಟಿನ ಮೇಲೆ ಪೇಪರ್ ಹಾಸಿ, ಅವ್ವ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಕದ್ದು ತಂದು, ಕೈಗವಸಿನ ಒಂದೊಂದು ಬೆರಳಿಗೂ ನಿಧಾನವಾಗಿ ತಿಕ್ಕುತ್ತಿದ್ದ. ಅಡುಗೆಮನೆಯಿಂದ ಸೇಂಗಾ ಹುರಿಯುವ ಕಂಪು, ಮರುದಿನದ ರೊಟ್ಟಿಗೆ ಹಿಟ್ಟು ಜರಡಿ ಹಿಡಿಯುವ ಸದ್ದು. ಅಪ್ಪ ಧಾರವಾಡದವ, ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ್. ತನಗಿಂತ ಚಿಕ್ಕವರೆಲ್ಲ ದೊಡ್ಡ ಹುದ್ದೆಗೆ ಏರಿದರೂ ಇವನು ಇದ್ದಲ್ಲೇ ಇದ್ದ. ಅದರ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ; ಯಾವ ಮಾತೂ ಹೆಚ್ಚು ಆಡುತ್ತಿರಲಿಲ್ಲ. ಪಕ್ಕದ ಮನೆಯ ರೇಮಂಡ್ ಕೆನಡಾದವನು, ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಅವನಿಗೆ ಪಾರ್ಕಿನಲ್ಲಿ ಬೇಸ್‌ಬಾಲ್ ತಂಡ ಕಟ್ಟುವ ಹುಚ್ಚು. ಒಂಬತ್ತನೆಯ ಆಳು ಸಿಗದೆ ಬೇಲಿಯಾಚೆಯಿಂದ ಅಪ್ಪನನ್ನು ಕೇಳಿದ. ಓದುವಾಗ ವಿಕೆಟ್ ಕೀಪರ್ ಆಗಿದ್ದ ಅಪ್ಪ ಚೆಂಡು ಎಸೆಯುವವನ ಎದುರು, ಬ್ಯಾಟಿನವನ ಹಿಂದೆ, ಮುಖಕ್ಕೆ ಕಬ್ಬಿಣದ ಜಾಲರಿ ಕಟ್ಟಿಕೊಂಡು ಕುಕ್ಕುರುಗಾಲಲ್ಲಿ ಕೂತ. ಒಂದು ಚೆಂಡನ್ನೂ ಹಿಂದಕ್ಕೆ ಬಿಡಲಿಲ್ಲ. ಆದರೂ ಮೊದಲೆರಡು ಬೇಸಿಗೆ ನಮ್ಮ ತಂಡ ಸೋತದ್ದೇ ಸೋತದ್ದು.

ಮೊದಲ ಗೆಲುವಿನ ದಿನ ನನಗೆ ಎಂಟು ವರ್ಷ. ಅವ್ವ ಆವತ್ತು ಮೊದಲ ಸಲ ತಂಡಕ್ಕೆಲ್ಲ ಜೋಳದ ರೊಟ್ಟಿ, ಎಣ್ಣೆಗಾಯಿ, ಸೇಂಗಾ ಚಟ್ನಿ ಕಟ್ಟಿಕೊಂಡು ಪಾರ್ಕಿಗೆ ಬಂದಿದ್ದಳು. ಆಟಕ್ಕೆ ಮುಂಚೆ ಎಲ್ಲರಿಗೂ ಬಡಿಸಿದಳು. ಗಂಡಸರು ಡಬ್ಬಿಯ ತಳ ಕೆರೆದು ತಿಂದರು. ಸಂಜೆ ಗೆದ್ದ ಮೇಲೆ ರೇಮಂಡ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದ: ಯಾರು ಯಾವ ಸಾಕ್ಸ್ ಹಾಕಿದ್ದೀರಿ, ಯಾರು ಎಲ್ಲಿ ಕೂತಿದ್ದಿರಿ. ಬೇಸ್‌ಬಾಲಿನವರ ಪದ್ಧತಿ ಅದು, ಗೆಲುವು ಹತ್ತಿದರೆ ಏನನ್ನೂ ಬದಲಾಯಿಸಬಾರದು, ಸಾಕ್ಸ್ ತೊಳೆಯಲೂಬಾರದು. ಸಾಲಿನ ಕೊನೆಗೆ ಅವ್ವನ ಹತ್ತಿರ ಬಂದ. "ಮಿಸೆಸ್ ಡಾಕ್ಟರ್, ನೀವೇನು ಮಾಡಿದಿರಿ?" ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. "ನಾ ಏನ ಮಾಡಲಿ, ನನಗೊಂದ ತುತ್ತೂ ಉಳಸಲಿಲ್ಲ ನೀವು. ಮುಂಜಾನಿಂದ ಉಪವಾಸ!" ಅಪ್ಪ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಎಲ್ಲರೂ ಹೋ ಎಂದು ನಕ್ಕರು. "ಹಾಗಾದರೆ ಮುಂದಿನ ವಾರವೂ ನಿಮಗೆ ಊಟ ಇಲ್ಲ" ಅಂದ ರೇಮಂಡ್. ಅವನಿಗದು ತಮಾಷೆ. ಮರುವಾರದ ಹೊತ್ತಿಗೆ ಅವನಿಗೇ ಅದು ಮರೆತುಹೋಗಿತ್ತು. ಅವ್ವ ಮರೆಯಲಿಲ್ಲ. ಆ ವಾರವೂ ತಿನ್ನಲಿಲ್ಲ. ಆ ವಾರವೂ ಗೆದ್ದರು.

ಸಾಕ್ಸಿನ ಪದ್ಧತಿಯಲ್ಲಿ ದೇವರಿಲ್ಲ. ಉಪವಾಸ ಅಂದ ಕೂಡಲೇ ನಮ್ಮವರ ಮನಸ್ಸಿನಲ್ಲಿ ದೇವರು ಬಂದು ಕೂತುಬಿಡುತ್ತಾನೆ, ಆಮೇಲೆ ಏಳುವುದಿಲ್ಲ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದು ವ್ರತವಾಯಿತು. ಬೆಳಿಗ್ಗೆ ಎದ್ದು ಮೂವತ್ತು ರೊಟ್ಟಿ ಬಡಿಯುವುದು, ಪಾರ್ಕಿನಲ್ಲಿ ಎಲ್ಲರಿಗೂ ಬಡಿಸುವುದು, ತನ್ನ ಪಾಲನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿಟ್ಟು ಕೊನೆಯ ಔಟ್ ಬೀಳುವವರೆಗೂ ಮುಟ್ಟದೆ ಕೂರುವುದು. ಮೂರು ಬೇಸಿಗೆ ಸತತವಾಗಿ ಪಂದ್ಯಾವಳಿಯ ಕಪ್ಪು ನಮ್ಮದೇ. ಅದನ್ನು ಅವ್ವ ದೇವರ ಗೂಡಿನ ಪಕ್ಕವೇ ಇಟ್ಟಿದ್ದಳು. ಆರತಿಯ ಒಂದು ಸುತ್ತು ಅದಕ್ಕೂ ಸಿಗುತ್ತಿತ್ತು. ಮೂರನೆಯ ಬೇಸಿಗೆ ಮುಗಿದ ಮೇಲೆ ಅವ್ವನಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ನಮ್ಮ ಬೀದಿಯ ಡಾಕ್ಟರ್ ಕೊಟ್ಟ ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು. ಅಪ್ಪ ಫ್ರಿಜ್ಜಿನ ಮೇಲೆ ಊಟದ ವೇಳೆ ಬರೆದು ಅಂಟಿಸಿದ. ವಾರದಲ್ಲಿ ಆರು ದಿನ ಅವ್ವ ಅದನ್ನು ಶಿರಸಾವಹಿಸಿ ಪಾಲಿಸಿದಳು. ಏಳನೆಯ ದಿನ ಅಪ್ಪ ಜಾಲರಿಯ ಒಳಗಿಂದ "ಊಟ ಆತೇನು?" ಅಂತ ಕೂಗುತ್ತಿದ್ದ, ಇವಳು "ಆತು, ಆತು" ಅಂತ ಕೈ ಬೀಸುತ್ತಿದ್ದಳು. ಊರ ಜನರ ನಾಡಿ ಹಿಡಿಯುವವನಿಗೆ ಮನೆಯ ಡಬ್ಬಿ ತೆರೆದು ನೋಡಲು ತೋಚಲಿಲ್ಲ.

ನನಗೆ ತೋಚಿತ್ತು. ಬೆಂಚಿನ ಮೇಲೆ ಅವಳ ಪಕ್ಕ ಕೂತು ನಾನು ಆಟ ನೋಡುತ್ತಿರಲಿಲ್ಲ, ಅವಳ ಮುಖ ನೋಡುತ್ತಿದ್ದೆ. ನಾಲ್ಕು ಗಂಟೆಯ ಹೊತ್ತಿಗೆ ಮೇಲ್ದುಟಿಯ ಮೇಲೆ ಬೆವರು ಮೂಡುತ್ತಿತ್ತು, ಬೆರಳು ಸಣ್ಣಗೆ ನಡುಗುತ್ತಿದ್ದವು. ಒಮ್ಮೆ ನನ್ನ ಹೆಸರನ್ನೇ ಮರೆತವಳಂತೆ ನೋಡಿದಳು. ಮನೆಯಲ್ಲಿ ನಾನು ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಜಗಳಕ್ಕೆ ಮಾತ್ರ ಕನ್ನಡ. ಆವತ್ತು ಕನ್ನಡದಲ್ಲಿ ಕೇಳಿದೆ, "ಯಾಕವ್ವಾ, ಸಾಯಬೇಕಂತ ಮಾಡಿಯೇನು?" ಅವಳು ಮೈದಾನದ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಅಪ್ಪ ಯಾರದೋ ಬೆನ್ನು ತಟ್ಟಿ, ಹಲ್ಲು ಕಾಣುವ ಹಾಗೆ ನಗುತ್ತಿದ್ದ. "ವಾರದಾಗ ಒಂದ ದಿನ ನಗತಾನ ನಿಮ್ಮಪ್ಪ. ಅದನ್ನ ನಾ ಕಳೀಲೇನು? ಅವಗ ಹೇಳಿದಿ ಅಂದ್ರ ನೋಡು ಮತ್ತ." ನಿನ್ನ ಬದಲು ನಾನು ಉಪವಾಸ ಇರುತ್ತೇನೆ ಎಂದೆ. ಒಪ್ಪಲಿಲ್ಲ. ಅರ್ಧ ರೊಟ್ಟಿ? ಕಾಲು? ಬರೀ ಜ್ಯೂಸ್? ನನ್ನ ಜೀವನದ ಮೊದಲ ಚೌಕಾಸಿ ಅದು, ಪೂರಾ ಸೋತೆ. ದೇವರ ಹೆಸರಲ್ಲಿ ಹಟ ಹಿಡಿದವರ ಜೊತೆ ಚೌಕಾಸಿಗೆ ಇಳಿಯಬೇಡಿ. ಅವರು ಬೆಲೆಯನ್ನೇ ಹೇಳುವುದಿಲ್ಲ.

ನಾಲ್ಕನೆಯ ಬೇಸಿಗೆಯ ಕೊನೆಗೆ ಎಲ್ಲರ ಬಾಯಲ್ಲೂ ಒಂದೇ ಮಾತು, ನಮ್ಮ ಕಾಲ ಮುಗಿಯುತ್ತಾ ಬಂತು. ಚೆಂಡು ಎಸೆಯುವವನ ಭುಜ ಸೋತಿತ್ತು, ರೇಮಂಡನ ಮಂಡಿ ಊದಿತ್ತು, ನದಿಯಾಚೆಯಿಂದ ಹುಡುಗರ ಹೊಸ ತಂಡವೊಂದು ಬಂದು ಎಲ್ಲರನ್ನೂ ಬಗ್ಗುಬಡಿಯುತ್ತಿತ್ತು. ಕಪ್ಪಿನ ಕೊನೆಯ ಆಟ ಅವರ ಜೊತೆಗೇ. ದೊಡ್ಡವರು ಸಪ್ಪೆ ಮುಖ ಮಾಡಿಕೊಂಡು ಓಡಾಡುವಾಗ ನಾನೊಬ್ಬಳು ಆ ಹುಡುಗರು ಗೆಲ್ಲಲಿ ಅಂತ ಬಯಸುತ್ತಿದ್ದೆ. ಬಯಸಿದರೆ ಸಾಲದು ಅನಿಸಿ ಹಿಂದಿನ ಸಂಜೆ ಬೇಲಿಯ ಹತ್ತಿರ ರೇಮಂಡನನ್ನು ಕರೆದು ನೇರ ಕೇಳಿದೆ, "ನಾಳೆ ಸೋಲಬೇಕು. ಅದಕ್ಕೆ ನಿಮಗೇನು ಬೇಕು?" ಅವನು ಮೊದಲು ನಕ್ಕ. ನಾನು ಎಲ್ಲವನ್ನೂ ಹೇಳಿದೆ. ನಗು ನಿಂತಿತು. "ನಾನು ತಮಾಷೆಗೆ ಅಂದಿದ್ದೆ" ಅಂದ. ಮತ್ತೆ ಅದನ್ನೇ ಅಂದ.

ಮರುದಿನ ಅವನು ಬೆಳಿಗ್ಗೆಯೇ ಅಪ್ಪನಿಗೆ ಹೇಳಬಹುದಿತ್ತು. ಹೇಳಲಿಲ್ಲ. ನಾನದನ್ನು ತಪ್ಪು ಅನ್ನುವುದಿಲ್ಲ; ನಾಲ್ಕನೆಯ ಕಪ್ಪು ಕೈಗೆಟಕುವಷ್ಟು ಹತ್ತಿರವಿದ್ದಾಗ ಯಾರ ಬಾಯಿಯಾದರೂ ಸ್ವಲ್ಪ ತಡವಾಗಿಯೇ ತೆರೆಯುತ್ತದೆ. ಆಟದ ಒಂಬತ್ತು ಸರದಿಯಲ್ಲಿ ಏಳು ಕಳೆದವು. ನಾವು ಒಂದು ರನ್ ಮುಂದಿದ್ದೆವು. ಅವ್ವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಪ್ರತಿ ಸರದಿ ಮುಗಿದಾಗಲೂ ರೇಮಂಡ್ ನಮ್ಮ ಬೆಂಚಿನ ಕಡೆ ನೋಡಿ ತಲೆ ತಗ್ಗಿಸುತ್ತಿದ್ದ. ಎಂಟನೆಯದು ಶುರುವಾಗುವಾಗ ಇದ್ದಕ್ಕಿದ್ದಂತೆ ಕೈ ಎತ್ತಿ ಆಟ ನಿಲ್ಲಿಸಿದ, ಕುಂಟುತ್ತಾ ಅಪ್ಪನ ಬಳಿ ಹೋಗಿ ಏನೋ ಹೇಳಿದ. ಅಪ್ಪ ಜಾಲರಿ ತೆಗೆದ. ಮೊಣಕಾಲಿನ ಕವಚ ಟಕಟಕ ಬಡಿಯುತ್ತಾ ಇಡೀ ಮೈದಾನ ದಾಟಿ ನಮ್ಮ ಕಡೆಗೇ ನಡೆದು ಬಂದ.

"ಡಬ್ಬಿ ತಗಿ."

"ಏನಾತ್ರೀ? ಊಟ ಆಗೇದ ನಂದು."

"ತಗಿ ಅಂದೆ."

ಮುಚ್ಚಳ ತೆಗೆದಾಗ ಎರಡು ರೊಟ್ಟಿ ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಅಪ್ಪ ಅದನ್ನು ನೋಡುತ್ತಾ ನಿಂತ. ಅವನ ಕಣ್ಣು ತುಂಬಿದ್ದನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. "ಇನ್ನೆರಡ ಉಳದಾವಲ್ರೀ, ಈಗ ಮುಗೀತದ, ಆಮ್ಯಾಲೆ ತಿಂತೀನಿ" ಅಂತ ಅವ್ವ ಗೋಗರೆದಳು. "ನೀ ತಿನ್ನೋತನಕ ಆಟ ಇಲ್ಲ" ಅಂದ ಅಪ್ಪ, ಮತ್ತು ಹುಲ್ಲಿನ ಮೇಲೆ ಕೂತುಬಿಟ್ಟ. ಅವ್ವ ತಿಂದಳು. ನಮ್ಮ ತಂಡದವರು, ಗಡಿಯಾರ ನೋಡುವ ಅಂಪೈರು, ಏನೆಂದು ತಿಳಿಯದ ಎದುರಾಳಿ ಹುಡುಗರು, ಎಲ್ಲರೂ ಒಬ್ಬ ಹೆಂಗಸು ರೊಟ್ಟಿ ತಿಂದು ಮುಗಿಸುವುದನ್ನು ಕಾದರು. ಅರ್ಧಕ್ಕೆ ಸಾಕು ಎಂದಾಗ ಅಪ್ಪ, "ಪೂರ್ತಿ" ಅಂದ. ಆಮೇಲೆ ಹೋಗಿ ಆಡಿದ. ನಾವು ಮೂರು ರನ್ನಿನಿಂದ ಸೋತೆವು.

ಗೇಟಿನ ಹತ್ತಿರ ಜನ ತುಂಬಾ ಹೊತ್ತು ಚದುರಲಿಲ್ಲ. ಇದು ಅಂತ್ಯವೋ, ಒಂದು ಕೆಟ್ಟ ದಿನವೋ ಎಂಬ ವಾದ. ಮುಂದಿನ ಬೇಸಿಗೆ ನೋಡೋಣ ಅಂದ ರೇಮಂಡ್. ಮುಂದಿನ ಬೇಸಿಗೆಯೂ ಕಪ್ಪು ಬರಲಿಲ್ಲ, ಅದರ ಮುಂದಿನದಕ್ಕೆ ರೇಮಂಡನೇ ಇರಲಿಲ್ಲ, ಕೆನಡಾಕ್ಕೆ ಮರಳಿದ್ದ. ಅಪ್ಪ ತೀರಿಹೋಗಿ ಆರು ವರ್ಷವಾಯಿತು. ಸಕ್ಕರೆ ಕಾಯಿಲೆಯನ್ನು ಹೊತ್ತುಹೊತ್ತಿಗೆ ಉಂಡೇ ಪಳಗಿಸಿದ ಅವ್ವ, ಕಣ್ಣು ಕಾಲು ಎರಡನ್ನೂ ಉಳಿಸಿಕೊಂಡು, ಅವನ ಹಿಂದೆ ಮೂರು ವರ್ಷ ಇದ್ದು ಹೋದಳು. ಮನೆಯನ್ನು ನಾನೇ ಮಾರಿದೆ, ಒಳ್ಳೆಯ ಬೆಲೆಗೇ. ಕೊಂಡವರು ಅವ್ವನ ಮೆಂತ್ಯದ ಮಡಿಗೆ ಜಲ್ಲಿ ಸುರಿದು ಕಾರು ನಿಲ್ಲಿಸಿದ್ದಾರೆ. ಸೋತ ದಿನವನ್ನು ನೆನೆದು ನಿರಾಳವಾಗುವುದು ವ್ಯಾಪಾರದವಳಿಗೆ ಶೋಭಿಸುವ ಮಾತಲ್ಲ. ಆದರೂ ಎದೆ ಭಾರವಾದಾಗ ನಾನು ಹೋಗಿ ಕೂರುವುದು ಆ ಸಂಜೆಯ ಕಾರಿನಲ್ಲೇ.

ಅಪ್ಪ ಓಡಿಸುತ್ತಿದ್ದ. ಅವ್ವ ಸಣ್ಣ ದನಿಯಲ್ಲಿ ಕೇಳಿದಳು, "ನಾ ತಿಂದದ್ದಕ್ಕ ಸೋತ್ರೇನ್ರೀ?" ಛೆ, ಹಾಗೇನಿಲ್ಲ ಅನ್ನುತ್ತಾನೆ ಅಂದುಕೊಂಡೆ. ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, "ಹೌದು" ಅಂದ. "ನೀ ತಿಂದದ್ದಕ್ಕ ಸೋತೇವಿ. ಭಾಳ ಛಲೋ ಆತು. ಮುಂದಿನ ವರ್ಷನೂ ಸೋಲಸು." ಅವನೇ ಮೊದಲು ನಕ್ಕ, ಹಲ್ಲು ಕಾಣುವ ಹಾಗೆ, ಆಮೇಲೆ ಅವ್ವ, ಸೆರಗು ಬಾಯಿಗೆ ಒತ್ತಿಕೊಂಡು. ಇಬ್ಬರೂ ಏನೋ ಮಾತಾಡುತ್ತಲೇ ಇದ್ದರು. ಅವಳ ಮುಖ ಕಾಯುವ ಕೆಲಸ ಆ ಭಾನುವಾರ ನನಗಿರಲಿಲ್ಲ. ಕ್ವೀನ್ಸ್‌ಬರಿ ಬರುವ ಮೊದಲೇ, ಹಿಂದಿನ ಸೀಟಿನಲ್ಲಿ, ನಾನು ನಿದ್ದೆ ಹೋದೆ.